ಎಲ್ಲ ಸ್ಕೀಯಿಂಗೂ ಸ್ಲಾಲಮ್ ಅಲ್ಲ

ಸ್ಕೀ ಕಟ್ಟಿಕೊಂಡು ಯಾರು ಏನು ಮಾಡಿದರೂ ಸುದ್ದಿಯಲ್ಲಿ ಅದು ‘ಸ್ಲಾಲಮ್’. ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಹಿಮದ ಇಳಿಜಾರು ಇಳಿಯುವ ಪಂದ್ಯಕ್ಕಷ್ಟೇ ಸಲ್ಲಬೇಕಾದ ಹೆಸರು ಅದು. ತಿರುವು ಕಡಿಮೆ, ವೇಗ ಹೆಚ್ಚಿರುವ ಡೌನ್‌ಹಿಲ್ ಕೂಡ ಸ್ಲಾಲಮ್, ಏರು-ಇಳಿವು-ಸಮತಟ್ಟುಗಳಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವ ಕ್ರಾಸ್‌ಕಂಟ್ರಿಯೂ ಸ್ಲಾಲಮ್! ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು ಕ್ರಾಸ್‌ಕಂಟ್ರಿ. ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇಳಿದದ್ದು ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ಗೆ. ಮ್ಯಾರಥಾನನ್ನೂ ಹರ್ಡಲ್ಸನ್ನೂ ಯಾರೂ ಹೀಗೆ ಕಲಸುವುದಿಲ್ಲ.

‘ಸ್ಲಾಲಮ್’ ಪದ ನಾರ್ವೆಯ ಟೆಲೆಮಾರ್ಕ್ ಸೀಮೆಯದು. ‘ಸ್ಲಾ’ ಎಂದರೆ ಇಳಿಜಾರು, ‘ಲೋಮ್’ ಎಂದರೆ ಜಾಡು. ಅಲ್ಲಿಯವರ ಬಾಯಲ್ಲಿ ಎರಡನೆಯ ಭಾಗ ಓಕಾರಕ್ಕೆ ಹತ್ತಿರ. ಇಂಗ್ಲಿಷ್ ದಾಟಿ ಬಂದದ್ದರಿಂದ ನಮ್ಮಲ್ಲಿ ‘ಲಮ್’ ಆಯಿತು. ಮೋರ್ಗೆದಾಲ್ ಹಳ್ಳಿಯಲ್ಲಿ ಜಾಡಿನ ಗುಣಕ್ಕೆ ತಕ್ಕ ಹೆಸರುಗಳಿದ್ದವು: ಉಬ್ಬುಗಳ ಮೇಲಿನದು ಕ್ನೈಕೆಲೋಮ್, ಹಾರಿ ಇಳಿಯುವುದು ಹೊಪ್ಪೆಲೋಮ್, ಜೀವದ ಹಂಗಿಲ್ಲದವರದು ಉವಿರ್ಡ್ಸ್‌ಲೋಮ್. ಸ್ಲಾಲೋಮ್ ಇವುಗಳಲ್ಲೇ ಸಾಧು. ‘ಅಂಕುಡೊಂಕು’ ಎಂಬ ಅರ್ಥ ಮೂಲದಲ್ಲಿ ಇಲ್ಲವೇ ಇಲ್ಲ. ಪದಾರ್ಥ ಬರೆಯುವವರು ಅದನ್ನು ನಾರ್ವೆಯ ತಲೆಗೆ ಕಟ್ಟುವುದನ್ನು ಬಿಡಬೇಕು.

ಅಂಕುಡೊಂಕು ಸೇರಿದ್ದು ಸ್ಪರ್ಧೆಯಿಂದ. 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಬ್ರಿಟನ್ನಿನ ಅರ್ನಾಲ್ಡ್ ಲನ್ ಜೋಡಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ಹಾದು ಬೇಗ ಇಳಿದವನೇ ಗೆದ್ದವನು ಎಂದರು. ಶೈಲಿಗೆ ಅಂಕವಿಲ್ಲ, ಗಡಿಯಾರದ್ದೇ ತೀರ್ಪು. 1931ರಲ್ಲಿ ಅದೇ ಊರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1936ರ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಡೌನ್‌ಹಿಲ್ ಜೊತೆ ಕೂಡಿ ಒಂದೇ ಪದಕಕ್ಕೆ ಬಂತು; ತನ್ನದೇ ಪದಕ ಸಿಕ್ಕಿದ್ದು 1948ರಲ್ಲಿ.

ಈಗ ಬಾವುಟದ ಬದಲು ಕೆಂಪು, ನೀಲಿ ಕಂಬಗಳು. ಒಂದೇ ದಿನ ಎರಡು ಸುತ್ತು, ಎರಡಕ್ಕೂ ಬೇರೆ ಬೇರೆ ಜಾಡು, ಒಟ್ಟು ಸಮಯದ ಲೆಕ್ಕ. ಕಂಬದ ಬುಡದಲ್ಲಿ ಮಡಚುವ ಕೀಲಿರುತ್ತದೆ. ಅದಕ್ಕೇ ಸ್ಪರ್ಧಿ ಕಂಬವನ್ನು ಕೈಯಿಂದ, ಮೊಣಕಾಲಿನ ಕೆಳಗಿನ ಕವಚದಿಂದ ಬಡಿದು ಬೀಳಿಸುತ್ತಾನೆ: ಮೈ ಕಂಬದ ಒಳಬದಿಯಿಂದ ಹೋಗುತ್ತದೆ, ಪಾದ ಮಾತ್ರ ಹೊರಬದಿಯಿಂದ ಸುತ್ತಬೇಕು. ಕಂಬ ಬಿದ್ದರೆ ತಪ್ಪಲ್ಲ. ದಾರಿ ಉಳಿಸಲು ತೀರಾ ಒತ್ತಿಕೊಂಡು ಹೋಗಿ, ಒಳಗಾಲಿನ ಸ್ಕೀ ಮೂತಿ ಕಂಬದ ಆಚೆ ನುಸುಳಿತೋ, ಕಂಬ ಎರಡು ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆಟ ಅಲ್ಲಿಗೇ ಮುಗಿಯಿತು.

ಇನ್ನು ಜೈಂಟ್ ಸ್ಲಾಲಮ್. ‘ದೈತ್ಯ ಕಂಬಗಳ ಆಟ’ ಎಂಬ ಅನುವಾದ ನಗೆಪಾಟಲು. ಹಿಗ್ಗಿರುವುದು ಕಂಬಗಳ ನಡುವಿನ ಅಂತರ, ತಿರುವಿನ ಸುತ್ತಳತೆ. ಸ್ಲಾಲಮ್‌ನಲ್ಲಿ ಗಂಡಸರ ಸ್ಕೀ ಕನಿಷ್ಠ 165 ಸೆಂ.ಮೀ. ಇದ್ದರೆ ಸಾಕು, ವಿಶ್ವಕಪ್‌ನ ಜೈಂಟ್‌ನಲ್ಲಿ 193 ಬೇಕು.