ಮೇಣದ ಜಾಕೆಟ್ಟಿಗೆ ಸೋಪು ಏಕೆ ಆಗದು?

ಮೇಣ ಹಚ್ಚಿದ ಹತ್ತಿಬಟ್ಟೆಯ ಜಾಕೆಟ್ಟಿನ ಒಳಮಗ್ಗುಲಲ್ಲಿ ಹೊಲಿದಿರುವ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕೆಲವು ನಿಷೇಧಗಳಿರುತ್ತವೆ: ಯಂತ್ರದಲ್ಲಿ ಒಗೆಯಬಾರದು, ಬಿಸಿನೀರು ತಾಗಿಸಬಾರದು, ಸೋಪು ಬಳಸಬಾರದು, ಡ್ರೈಕ್ಲೀನಿಂಗಿಗೆ ಕೊಡಬಾರದು. ಹಳೆಯದೊಂದನ್ನು ಕೊಂಡ ಮೊದಲ ವರ್ಷ ನಾನು ಇದನ್ನೆಲ್ಲ ತಯಾರಕರ ಅತಿ ಎಚ್ಚರಿಕೆಯೆಂದು ತಿಳಿದು, ಕೊರಳಪಟ್ಟಿಯ ಕೊಳೆ ಹೋಗಲೆಂದು ಬೆಚ್ಚಗಿನ ನೀರಿಗೆ ಒಗೆಯುವ ಪುಡಿ ಹಾಕಿ ಇಡೀ ಜಾಕೆಟ್ಟನ್ನು ಅದರಲ್ಲಿ ನೆನೆಸಿದೆ. ಕೊಳೆ ಹೋಯಿತು. ಆದರೆ ಮುಂದಿನ ಮಳೆಯಲ್ಲಿ ಭುಜದ ಮೇಲೆ ಬಿದ್ದ ಹನಿಗಳು ಉರುಳಿಹೋಗಲಿಲ್ಲ. ಶಾಯಿ ಹೀರುವ ಕಾಗದದ ಮೇಲೆ ಬಿದ್ದ ಹಾಗೆ ಹರಡಿ, ಬಟ್ಟೆಯನ್ನು ಕಪ್ಪಾಗಿಸಿ, ಒಳಗಿನ ಅಂಗಿಯವರೆಗೂ ಇಳಿದವು. ವಿಚಿತ್ರವೆಂದರೆ ಬಟ್ಟೆಯಲ್ಲಿ ಮೇಣ ಇನ್ನೂ ಇತ್ತು, ಉಗುರಿನಿಂದ ಕೆರೆದರೆ ಕೈಗೆ ಹತ್ತುತ್ತಿತ್ತು. ಮೇಣವಿದ್ದೂ ನೀರು ಇಳಿದದ್ದು ಹೇಗೆ?

ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. ಅದರ ಉದ್ದನೆಯ ಅಣುಸರಪಳಿಯುದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿದ್ದು, ನೀರಿನ ಅಣುಗಳು ಅವುಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತವೆ. ಟವೆಲ್ಲಿಗೆ ಹತ್ತಿಯೇ ಬೇಕೆನ್ನುವುದು ಇದೇ ಕಾರಣಕ್ಕೆ. ಹಾಗಿದ್ದರೂ ಗಿಡದಿಂದ ಬಿಡಿಸಿದ ಹಸಿ ಹತ್ತಿಯನ್ನು ನೀರಿಗೆ ಹಾಕಿದರೆ ಅದು ತೇಲುತ್ತದೆ, ಔಷಧಿ ಅಂಗಡಿಯ ಬಿಳಿ ಹತ್ತಿಯಾದರೋ ಕ್ಷಣದಲ್ಲಿ ಮುಳುಗುತ್ತದೆ. ನಾರಿನ ಹೊರಮೈಗೆ ಗಿಡವೇ ತೆಳ್ಳಗೆ ಮೇಣ ಸವರಿರುತ್ತದೆ; ಬಣ್ಣ ಹಿಡಿಯಲಿ, ನೀರು ಹೀರಲಿ ಎಂದು ಗಿರಣಿಯವರು ಕ್ಷಾರದಲ್ಲಿ ಕುದಿಸಿ ಅದನ್ನು ತೆಗೆಯುತ್ತಾರೆ. ಬಟ್ಟೆ ನೇಯ್ದು, ಗಿಡ ಕೊಟ್ಟ ಮೇಣವನ್ನು ತೆಗೆದುಹಾಕಿ, ಆಮೇಲೆ ಬೇರೆ ಮೇಣವನ್ನು ಅದಕ್ಕೆ ಉಣಿಸುವ ಈ ಸುತ್ತುಬಳಸು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ.

ಬಟ್ಟೆ ಎಷ್ಟೇ ಒತ್ತಾಗಿದ್ದರೂ ಹಾಸು ಹೊಕ್ಕುಗಳ ನಡುವೆ ಸಂದುಗಳು ಉಳಿದೇ ಉಳಿಯುತ್ತವೆ. ಮೇಣ ಅವುಗಳಲ್ಲಿ ಬಹಳಷ್ಟನ್ನು ತುಂಬುತ್ತದೆ, ಎಲ್ಲವನ್ನೂ ಅಲ್ಲ. ತುಂಬದೆ ಉಳಿದ ಸಂದುಗಳೊಳಗೆ ನೀರು ನುಗ್ಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಒಂದು ಕೋನ. ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವಲ್ಲಿ, ನೀರಿನ ಒಳಬದಿಯಲ್ಲಿ ಏರ್ಪಡುವ ಈ ಸಂಪರ್ಕ ಕೋನವನ್ನು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1805ರಲ್ಲಿ ವಿವರಿಸಿದ್ದ. ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ಕಿರಿದಾದ ಸಂದು ನೀರನ್ನು ತಾನೇ ಒಳಗೆಳೆದುಕೊಳ್ಳುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಂಡಂತೆ. 90ಕ್ಕಿಂತ ಹೆಚ್ಚಿದ್ದರೆ ಅದೇ ಸಂದು ನೀರನ್ನು ಹೊರಕ್ಕೆ ದೂಡುತ್ತದೆ. ಇಂಥ ಜಾಕೆಟ್ಟಿಗೆ ಬಳಸುವ ಪ್ಯಾರಫಿನ್ ಮೇಣದ ನುಣುಪಾದ ಮೇಲ್ಮೈಯಲ್ಲಿ ಶುದ್ಧ ನೀರಿನ ಸಂಪರ್ಕ ಕೋನ ಸುಮಾರು 105ರಿಂದ 110 ಡಿಗ್ರಿ. ಕೆಸುವಿನ ಎಲೆಯ ಮೇಲೆ ಅದು 150ನ್ನೂ ದಾಟುತ್ತದೆ, ಏಕೆಂದರೆ ಅಲ್ಲಿ ಮೇಣದ ಜೊತೆಗೆ ಅತಿಸೂಕ್ಷ್ಮ ಉಬ್ಬುತಗ್ಗುಗಳೂ ಇವೆ. ಜಾಕೆಟ್ಟು ಕೆಸುವಿನ ಎಲೆಯಲ್ಲ. ಅದು 90ರ ಗೆರೆಯನ್ನು ದಾಟಿರುವುದು ಹದಿನೈದಿಪ್ಪತ್ತು ಡಿಗ್ರಿಗಳಷ್ಟು ಮಾತ್ರ.

ಆ ಸಣ್ಣ ಅಂತರ ಎಷ್ಟು ಭಾರ ಹೊರುತ್ತದೆಂದು ಲೆಕ್ಕ ಹಾಕಬಹುದು. ಮಿಲಿಮೀಟರಿನ ಐವತ್ತರಲ್ಲೊಂದು ಭಾಗ ತ್ರಿಜ್ಯವುಳ್ಳ ದುಂಡನೆಯ ಸಂದೊಂದು ಮೇಣ ಸವರಿಕೊಂಡು ತೆರೆದಿದೆ ಎಂದುಕೊಳ್ಳೋಣ. ಕೊಠಡಿಯ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ (ಮೇಲ್ಪದರ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಬಲ) ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಕೋನ 105 ಡಿಗ್ರಿ. ಈ ಸಂದಿನ ಮೂಲಕ ನೀರನ್ನು ತಳ್ಳಬೇಕಾದರೆ ಸುಮಾರು 19 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ ಬೇಕು. ಬಟ್ಟೆಯ ಮೇಲೆ ಸುಮ್ಮನೆ ನಿಂತ ಮಳೆಹನಿ ಅಷ್ಟು ಒತ್ತಲಾರದು. ಬೆನ್ನಚೀಲದ ಪಟ್ಟಿ ಭುಜವನ್ನು ಒತ್ತುವಲ್ಲಿ, ಒದ್ದೆ ಬೆಂಚಿನ ಮೇಲೆ ಕುಳಿತಲ್ಲಿ ಅದಕ್ಕಿಂತ ಹೆಚ್ಚಿನ ಒತ್ತಡ ಸುಲಭವಾಗಿ ಬೀಳುತ್ತದೆ.

ಈಗ ಸೋಪಿನ ಸರದಿ. ಸೋಪಿನ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಜಿಡ್ಡು ಬೇಕು. ನೀರಿಗೆ ಸಾಕಷ್ಟು ಸೋಪು ಸೇರಿದರೆ ಮೇಲ್ಮೈ ಎಳೆತ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಮೇಣದ ಮೇಲಿನ ಕೋನ 90 ಡಿಗ್ರಿಯ ಈಚೆಗೆ ಬರುತ್ತದೆ. ಆಗ ತಡೆ ಕಡಿಮೆಯಾಗುವುದಷ್ಟೇ ಅಲ್ಲ, ದಿಕ್ಕೇ ಬದಲಾಗುತ್ತದೆ: ನಿನ್ನೆ ನೀರನ್ನು ದೂಡುತ್ತಿದ್ದ ಸಂದು ಇಂದು ಅದನ್ನು ಹೀರುತ್ತದೆ. ಸರಿಯಾಗಿ ಜಾಲಿಸದೆ ನೂಲುಗಳ ನಡುವೆ ಉಳಿದ ಸೋಪು ಪ್ರತಿ ಮಳೆಗೂ ಒಂದಿಷ್ಟು ಕರಗಿ ಅದೇ ಕೆಲಸ ಮಾಡುತ್ತದೆ. ನನ್ನ ಜಾಕೆಟ್ಟಿನಲ್ಲಿ ಮೇಣವಿದ್ದೂ ನೀರು ಇಳಿದದ್ದು ಹೀಗೆ. ಬಿಸಿನೀರಿನ ಅಪರಾಧ ಇದಕ್ಕಿಂತ ಸರಳ, ಅದು ಮೇಣವನ್ನು ಮೃದುವಾಗಿಸಿ ಕಿತ್ತೊಯ್ಯುತ್ತದೆ. ಡ್ರೈಕ್ಲೀನಿಂಗಿನ ದ್ರಾವಕವಂತೂ ಮೇಣವನ್ನು ನೇರವಾಗಿ ಕರಗಿಸುತ್ತದೆ.

ಈ ಬಟ್ಟೆಯ ಮೂಲ ಸಮುದ್ರದಲ್ಲಿದೆ. ಸ್ಕಾಟ್ಲೆಂಡಿನ ಆರ್ಬ್ರೋತ್‌ನಂಥ ಊರುಗಳಲ್ಲಿ ಹಡಗಿನ ಹಾಯಿಗಳಿಗೆ ಅಗಸೆ ಎಣ್ಣೆ ಸವರುತ್ತಿದ್ದರು. ಎಣ್ಣೆ ಕುಡಿದ ಹಾಯಿಬಟ್ಟೆಯ ತುಂಡುಗಳನ್ನೇ ನಾವಿಕರು ಮಳೆಗೆ ಹೊದ್ದುಕೊಳ್ಳುತ್ತಿದ್ದರು. ಅಗಸೆ ಎಣ್ಣೆಯ ದೋಷ ಅದರ ರಸಾಯನದಲ್ಲೇ ಇತ್ತು. ಅದರ ಕೊಬ್ಬಿನಾಮ್ಲಗಳಲ್ಲಿರುವ ಜೋಡಿಬಂಧಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಚಿತ್ರಕಾರನಿಗೆ ಬಣ್ಣ ಒಣಗಿ ಗಟ್ಟಿಯಾಗುವುದು ವರ, ನಾವಿಕನಿಗೆ ಮೊಣಕೈ ಮಡಚಿದಲ್ಲಿ ಬಟ್ಟೆ ಬಿರಿಯುವುದು ಶಾಪ. ಎಣ್ಣೆ ಹಳದಿಯಾಗುತ್ತಿತ್ತು, ಚಳಿಯಲ್ಲಿ ಸೆಟೆಯುತ್ತಿತ್ತು. ಜೊತೆಗೆ ಆ ಕ್ರಿಯೆಯಲ್ಲಿ ಶಾಖ ಹೊಮ್ಮುವುದರಿಂದ ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯ ರಾಶಿ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು.

ಅಗಸೆ ಎಣ್ಣೆಯ ಜಾಗಕ್ಕೆ ಆಮೇಲೆ ಬಂದ ಪ್ಯಾರಫಿನ್ನಿನಲ್ಲಿ ಜೋಡಿಬಂಧಗಳೇ ಇಲ್ಲ. ಜರ್ಮನಿಯ ಕಾರ್ಲ್ ರೈಖೆನ್‌ಬಾಖ್ 1830ರಲ್ಲಿ ಪ್ರತ್ಯೇಕಿಸಿದ, ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ 1850ರ ತನ್ನ ಪೇಟೆಂಟಿನ ಬಲದಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಈ ವಸ್ತು ಗಾಳಿಯೊಡನೆ ಬಹುಮಟ್ಟಿಗೆ ವರ್ತಿಸುವುದಿಲ್ಲ. ಬಟ್ಟೆಗೆ ಬಳಸುವಾಗ ಎಣ್ಣೆ ಬೆರೆಸಿ ಅದನ್ನು ಮೇಣದಬತ್ತಿಗಿಂತ ಮೆದುವಾಗಿಸುತ್ತಾರೆ. ಅದು ಎಂದಿಗೂ ಒಣಗದು. ಕಾರಿನ ಸೀಟಿಗೆ ಕಲೆ ಹತ್ತುವುದೂ, ಪಕ್ಕದಲ್ಲಿ ಕುಳಿತವರು ವಾಸನೆಗೆ ಮೂಗು ಮುರಿಯುವುದೂ ಇದರ ಫಲವೇ. ಹಳೆಯ ಮೇಣದ ಮೇಲೆ ಹೊಸದನ್ನು ಹಚ್ಚಿ ಬಿಸಿ ಮಾಡಿದರೆ ಎರಡೂ ಬೆಸೆದು ಒಂದಾಗುವುದೂ ಇದರ ಫಲವೇ. ಇಪ್ಪತ್ತು ಮೂವತ್ತು ವರ್ಷ ಒಂದೇ ಜಾಕೆಟ್ಟನ್ನು ತೊಟ್ಟವರಿದ್ದಾರೆಂದರೆ ಅದಕ್ಕೆ ಬಟ್ಟೆಯ ಗಟ್ಟಿತನಕ್ಕಿಂತ ಈ ಒಣಗದ ಗುಣವೇ ಹೆಚ್ಚಿನ ಕಾರಣ ಎಂಬುದು ನನ್ನ ಎಣಿಕೆ.

ನೀರನ್ನು ತಡೆಯುವ ಮೇಣ ಬೆವರಿನ ಆವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕಂಕುಳಲ್ಲಿ ಹಿತ್ತಾಳೆಯ ತೂತುಬಿಲ್ಲೆಗಳನ್ನು ಕೂರಿಸಿರುವುದು ಇದಕ್ಕೇ ಆದರೂ, ಬಿರುಸಾಗಿ ಬೆಟ್ಟ ಹತ್ತುವವರ ಬೆವರಿಗೆ ಅವು ಏನೇನೂ ಸಾಲವು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ 1894ರಲ್ಲಿ ಆರಂಭವಾದ ಬಾರ್ಬರ್ ಕಂಪನಿ 1936ರಲ್ಲಿ ಈ ಬಟ್ಟೆಯಿಂದ ಮೋಟಾರ್‌ಸೈಕಲ್ ಸವಾರರಿಗೆ ಉಡುಪು ಹೊಲಿಯಿತು. ಎರಡನೆಯ ಮಹಾಯುದ್ಧದಲ್ಲಿ ಉರ್ಸುಲಾ ಎಂಬ ಬ್ರಿಟಿಷ್ ಜಲಾಂತರ್ಗಾಮಿಯ ಕಪ್ತಾನ ಜಾರ್ಜ್ ಫಿಲಿಪ್ಸ್ ಅಂಥದನ್ನೇ ಎರಡು ತುಂಡಾಗಿ ಹೊಲಿಸಿ ತನ್ನವರಿಗೆ ತೊಡಿಸಿದ. ಗಾಳಿನೀರಿಗೆ ಮೈಯೊಡ್ಡಿ, ಹೆಚ್ಚು ಕದಲದೆ ಕೂರುವವರು ಅಥವಾ ನಿಲ್ಲುವವರು ಇವರೆಲ್ಲ. ಓಡುವವರಿಗೆ ಇದು ತಕ್ಕ ಉಡುಪಲ್ಲ.

ವರ್ಷಕ್ಕೊಮ್ಮೆ ಮೇಣ ಹಚ್ಚುವ ದಿನ ನಾನು ಮೊದಲು ತಣ್ಣೀರಿನ ಸ್ಪಂಜಿನಿಂದ ಕೆಸರನ್ನಷ್ಟೇ ಒರೆಸಿ ಬಟ್ಟೆಯನ್ನು ಪೂರ್ತಿ ಒಣಗಲು ಬಿಡುತ್ತೇನೆ. ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟರೆ ಮಬ್ಬಾದ ಮುದ್ದೆ ಅಂಚಿನಿಂದ ಒಳಮುಖವಾಗಿ ತಿಳಿಯಾಗುತ್ತ ಬರುತ್ತದೆ. ಹೊಲಿಗೆಗಳಿಗೆ ಮೊದಲ ಪಾಲು, ಏಕೆಂದರೆ ಸೂಜಿ ತೂರಿದ ತೂತುಗಳೇ ಎಲ್ಲಕ್ಕಿಂತ ದೊಡ್ಡವು. ಮಡಿಕೆಗಳಲ್ಲಿ, ಮೊಣಕೈಯಲ್ಲಿ ಬಟ್ಟೆ ಬಿಳಿಚಿಕೊಂಡಿರುತ್ತದೆ: ಅಲ್ಲಿ ಮೇಣ ಬಿರುಕುಬಿಟ್ಟು, ಬಿರುಕಿನೊಳಗೆ ಸೇರಿದ ಗಾಳಿ ಬೆಳಕನ್ನು ಚದುರಿಸುತ್ತಿದೆ. ಹೇರ್ ಡ್ರೈಯರಿನ ಗಾಳಿ ಹಿಡಿದರೆ ಕೆಲವೇ ಕ್ಷಣಗಳಲ್ಲಿ ಮೇಣ ಬೆವೆತಂತೆ ಹೊಳೆದು ಒಳಗಿಳಿಯುತ್ತದೆ, ಬಿಳಿಯ ಗೆರೆ ಅಳಿದು ಬಟ್ಟೆ ಗಾಢ ಹಸಿರಾಗುತ್ತದೆ. ಎಲ್ಲಿ ಬಣ್ಣ ಒಂದೇ ಸಮವಾಗಿಲ್ಲವೋ ಅಲ್ಲಿ ಇನ್ನೊಮ್ಮೆ. ಜೇಬಿನ ಒಳಗೂ ಕೊರಳಪಟ್ಟಿಯ ಕಾರ್ಡುರಾಯ್‌ಗೂ ಹಚ್ಚಬಾರದು.

ಆಮೇಲೆ ಗಾಳಿಯಾಡುವ ಕಡೆ, ಬೇರೆ ಬಟ್ಟೆಗಳಿಗೆ ತಾಗದಂತೆ ರಾತ್ರಿಯಿಡೀ ತೂಗುಹಾಕುತ್ತೇನೆ. ಒದ್ದೆಯಾದ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುವುದು ಖಚಿತ. ಮೇಣದ ಕೆಳಗಿರುವ ಸೆಲ್ಯುಲೋಸ್ ಶಿಲೀಂಧ್ರಕ್ಕೆ ಒಳ್ಳೆಯ ಆಹಾರ. ಮೇಣ ಹಚ್ಚಲು ಬಳಸಿದ ಹಳೆಯ ಬನಿಯನ್ನಿನ ತುಂಡನ್ನು ಮಾತ್ರ ಹಾಗೆಯೇ ಮುದ್ದೆ ಮಾಡಿ, ಡಬ್ಬಿಯ ಪಕ್ಕದಲ್ಲಿಟ್ಟು ಕಪಾಟಿನ ಬಾಗಿಲು ಮುಚ್ಚುತ್ತೇನೆ. ಅಗಸೆ ಎಣ್ಣೆಯದಾಗಿದ್ದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.