ಗಾಳಿ ಬೀಸಿದರೂ ಫ್ಯಾನ್ ಯಾಕ ನಿಂತಿರ್ತಾವ?

ಪ್ರಶ್ನೆ: ಗದಗದಿಂದ ಮುಂಡರಗಿಗೆ ಹೋಗುವಾಗ ನೋಡ್ತೀನ್ರೀ, ಗಾಳಿ ಜೋರ್ ಇರ್ತದ, ಆದ್ರ ಗಾಳಿಯಿಂದ ಕರೆಂಟ್ ಮಾಡೋ ಎಷ್ಟೋ ದೊಡ್ಡ ಫ್ಯಾನ್ ಸುಮ್ನ ನಿಂತಿರ್ತಾವ. ಅದ ಹೊತ್ತಿಗೆ ನಮ್ಮ ಹೊಲದಾಗ ಕರೆಂಟ್ ಇರಂಗಿಲ್ಲ. ಇದೇನ್ ಲೆಕ್ಕ?

ಉತ್ತರ: ಸಣ್ಣ ಕಾರಣಗಳನ್ನು ಮೊದಲು ಮುಗಿಸೋಣ. ಗಾಳಿ ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಮುಟ್ಟುವವರೆಗೆ ಫ್ಯಾನ್ ಕರೆಂಟ್ ಕೊಡುವುದಿಲ್ಲ. 25 ಮೀಟರ್ ಆಸುಪಾಸಿಗೆ ಹೋದರೆ ಮುರಿಯದಿರಲೆಂದು ತಾನೇ ನಿಲ್ಲುತ್ತದೆ. ರಿಪೇರಿಗೂ ನಿಂತಿರಬಹುದು.

ಗಂಟು ಇರುವುದು ಮುಂದೆ. ನಮ್ಮ ಕಡೆ ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ, ಹಾಗಾಗಿ ವರ್ಷದ ಉತ್ಪಾದನೆಯ ದೊಡ್ಡ ಪಾಲು ಈ ತಿಂಗಳುಗಳದ್ದೇ. ಆದರೆ ಮಳೆ ಹಿಡಿದರೆ ಪಂಪ್‌ಸೆಟ್ ಯಾರು ಹಚ್ಚುತ್ತಾರೆ? ನೀರಿನಿಂದ ಕರೆಂಟ್ ಕೊಡುವ ಶರಾವತಿ, ಕಾಳಿ ಅಣೆಕಟ್ಟುಗಳಿಗೂ ಆಗಲೇ ನೀರು ಬರುತ್ತಿರುತ್ತದೆ. ಬೇಡಿಕೆ ಏರುವುದು ಫೆಬ್ರವರಿ ದಾಟಿದ ಮೇಲೆ, ಬೋರ್‌ಗಳು ಬಿಡುವಿಲ್ಲದೆ ಓಡುವಾಗ. ಆಗ ಗಾಳಿ ಮಂದ.

‘ಗಾಳಿ ಬಂದಾಗ ತೂರಿಕೋ’ ಅಂದವರಿಗೆ ಕಣದಲ್ಲಿ ರಾಶಿ ಹಾಕಿಕೊಂಡು ಗಾಳಿಯ ದಾರಿ ಕಾಯುವ ಸೌಲಭ್ಯವಿತ್ತು. ಕರೆಂಟನ್ನು ಹಾಗೆ ಚೀಲ ಕಟ್ಟಿ ಇಡಲು ಬರುವುದಿಲ್ಲ. ಬ್ಯಾಟರಿ ಇನ್ನೂ ತುಟ್ಟಿ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೆ ಸರಿತೂಗಿ, ಜಾಲದ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಹರಿಯುತ್ತದೆ ಎಂಬ ಲೆಕ್ಕ) 50 ಹರ್ಟ್ಸ್ ಬಳಿಯೇ ನಿಲ್ಲಬೇಕು. ಕಲ್ಲಿದ್ದಲು ಘಟಕವನ್ನು ಒಲೆಯಂತೆ ಆರಿಸಿ ಹಚ್ಚಲಾಗದು. ಲೈನ್ ತುಂಬಿದರೆ, ಬೇಡಿಕೆ ಕುಸಿದು ಈ ತೂಕ ತಪ್ಪುವಂತಾದರೆ, ರಾಜ್ಯದ ಕರೆಂಟ್ ಲೆಕ್ಕ ಸರಿತೂಗಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್ ಫ್ಯಾನ್‌ಗಳ ಉತ್ಪಾದನೆ ಇಳಿಸಲು ಹೇಳುತ್ತದೆ.

ಇನ್ನು ನಿಮ್ಮ ಹೊಲ. ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಬೇರೆ ಮಾಡಿ, ಹೊಲಕ್ಕೆ ದಿನಕ್ಕೆ 7 ತಾಸು ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟನ್ನು ಪಾಳಿ ಮೇಲೆ ಕೊಡುವ ಪದ್ಧತಿಯಿದೆ. ಪಕ್ಕದ ಗುಡ್ಡದ ಫ್ಯಾನ್ ತಿರುಗಿದರೂ ನಿಂತರೂ ನಿಮ್ಮ ಪಾಳಿ ಬದಲಾಗುವುದಿಲ್ಲ. 10 ಎಚ್‌ಪಿವರೆಗೆ ಬಿಲ್ಲಿಲ್ಲ, ಹಾಗಾಗಿ ಯಾವಾಗ ಓಡಿಸಬೇಕು ಎಂಬ ವಿಚಾರಕ್ಕೆ ಜಾಗವಿಲ್ಲ. ಕರೆಂಟ್ ಬಂದರೆ ಮೋಟರನ್ನು ತಾನೇ ಹಚ್ಚುವ ಆಟೋ ಸ್ಟಾರ್ಟರ್ ಹಾಕಿಬಿಡುತ್ತೇವೆ. ಕರೆಂಟ್ ಬಂದ ಕೂಡಲೇ ಊರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತವೆ. (ಬೈಗುಳ ಮಾತ್ರ ಲೈನ್‌ಮನ್‌ಗೆ.)

ಹಾಗಂತ ಪಾಳಿ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ ಹಗಲಿನ ಕರೆಂಟ್ ಹೆಚ್ಚಾಯಿತು, ಹೊಲದ ಪಾಳಿಯನ್ನು ರಾತ್ರಿಯಿಂದ ಹಗಲಿಗೆ ತರುವುದು ಸುಲಭವಾಯಿತು. ಹಾವು ಚೇಳಿನ ಭಯದಲ್ಲಿ ಬ್ಯಾಟರಿ ಹಿಡಿದು ನೀರು ಹಾಯಿಸಿದವರಿಗೆ ಅದರ ಬೆಲೆ ಗೊತ್ತು. ಗಾಳಿಗೆ ಇಂಥ ಜೊತೆ ಇನ್ನೂ ಸಿಕ್ಕಿಲ್ಲ, ಏಕೆಂದರೆ ಅದು ರಾತ್ರಿಯೂ ಬೀಸುತ್ತದೆ, ಹೆಚ್ಚಾಗಿ ಮಳೆಗಾಲದಲ್ಲೇ ಬೀಸುತ್ತದೆ.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಗಮನಿಸಿ. ಒಂದೇ ಫ್ಯಾನ್ ನಿಂತು ಅಕ್ಕಪಕ್ಕದವು ಜೋರಾಗಿ ತಿರುಗುತ್ತಿದ್ದರೆ ಬಹುಶಃ ರಿಪೇರಿ. ಒಳ್ಳೆ ಗಾಳಿಯಲ್ಲಿ ಸಾಲಿಗೆ ಸಾಲೇ ರೆಕ್ಕೆಯ ಅಂಚನ್ನು ಗಾಳಿಗೆ ಕೊಟ್ಟು ನಿಂತಿದ್ದರೆ, ಎಲ್ಲಿಂದಲೋ ಫೋನ್ ಬಂದಿರಬೇಕು.