ಫ್ಯಾಸಿಯೇಶನ್: ಚೀನಿಕಾಯಿ ಬಳ್ಳಿ ಚಪ್ಪಟೆಯಾದಾಗ

ಉಡುಪಿ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಸೌತೆ, ಚೀನಿಕಾಯಿ (ಸಿಹಿಕುಂಬಳ) ಬೀಜ ಹಾಕುವವರಿಗೆ ಅಪರೂಪಕ್ಕೊಮ್ಮೆ ಇದು ಕಣ್ಣಿಗೆ ಬೀಳುತ್ತದೆ. ದುಂಡಗೆ ಹಬ್ಬುತ್ತಿದ್ದ ಬಳ್ಳಿ ಒಂದು ಗೆಣ್ಣು ದಾಟಿದ ಮೇಲೆ ಲಾಡಿಯ ಹಾಗೆ ಅಗಲವಾಗುತ್ತದೆ. ಮೈತುಂಬ ಉದ್ದುದ್ದ ಗೀರು. ಎಲೆ, ನುಲಿಬಳ್ಳಿ, ಮೊಗ್ಗು ಎಲ್ಲ ಒಂದೇ ಕಡೆ ಒತ್ತೊತ್ತಾಗಿ. ರೋಗ ಬಂತೆಂದು ಬುಡಸಮೇತ ಕಿತ್ತು ಎಸೆಯುವವರಿದ್ದಾರೆ. ದಯವಿಟ್ಟು ಕೀಳಬೇಡಿ.

ಸಸ್ಯವಿಜ್ಞಾನ ಇದನ್ನು ಫ್ಯಾಸಿಯೇಶನ್ ಎನ್ನುತ್ತದೆ. ಬಳ್ಳಿಯ ತುದಿಯಲ್ಲಿ ಸೂಜಿಮೊನೆಯಷ್ಟು ಜಾಗದಲ್ಲಿ ಕೋಶಗಳು ಸದಾ ಒಡೆದು ಹೆಚ್ಚುತ್ತಿರುತ್ತವೆ. ಹೊಸ ಎಲೆ, ಹೂವು, ಕಾಂಡ ಎಲ್ಲದರ ಮೂಲ ಅಲ್ಲಿಯೇ. ಅದು ಬಿಂದುವಾಗಿದ್ದರೆ ಕಾಂಡ ದುಂಡಗೆ ಬೆಳೆಯುತ್ತದೆ, ಅಡ್ಡಕ್ಕೆ ಎಳೆದುಕೊಂಡು ಗೆರೆಯಾದರೆ ಚಪ್ಪಟೆಯಾಗುತ್ತದೆ. ಈ ಕೋಶಗಳ ಸಂಖ್ಯೆ ಹೆಚ್ಚಿಸುವ ಜೀನ್‌ಗಳಿವೆ, ಮಿತಿಯಲ್ಲಿಡುವವೂ ಇವೆ. ಅವುಗಳ ಸಮತೋಲ ತಪ್ಪುವುದು ಒಂದು ಕಾರಣ. ಎಳೆ ತುದಿಗೆ ಕೀಟದಿಂದಲೋ ಕೈ ತಾಗಿಯೋ ಆದ ಗಾಯ, ಗಾಳಿಗೆ ಹಾರಿ ಬಂದ ಕಳೆನಾಶಕ, ರೋಡೋಕಾಕಸ್ ಎಂಬ ಬ್ಯಾಕ್ಟೀರಿಯ ಕೂಡ ಕಾರಣವಾಗಬಹುದು. ಚಳಿದೇಶಗಳಲ್ಲಿ ಹಿಮವೂ ಸೇರುತ್ತದೆ. ಕರಾವಳಿಯಲ್ಲಿ ಆ ಭಯವಿಲ್ಲ. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ.

ಅಂಗಳದ ಕೋಳಿಜುಟ್ಟಿನ ಹೂವು ನೋಡಿ. ಅದು ವಂಶಪಾರಂಪರ್ಯವಾಗಿ ನೆಲೆನಿಂತ ಫ್ಯಾಸಿಯೇಶನ್ನೇ! 1866ರಲ್ಲಿ ಪ್ರಕಟವಾದ ಮೆಂಡೆಲ್‌ರ ಬಟಾಣಿ ಪ್ರಯೋಗದ ಏಳು ಗುಣಗಳಲ್ಲಿ ಒಂದಾದ ತುದಿಯಲ್ಲಿ ಗುಂಪಾಗಿ ಬಿಡುವ ಹೂವೂ ಇಂಥ ಚಪ್ಪಟೆ ಕಾಂಡದ ಗಿಡದ್ದೇ. ವಿಕಾರ ಎಂದು ತಳ್ಳಿಹಾಕುವ ಮೊದಲು ಇಷ್ಟು ನೆನಪಿರಲಿ.

ದೈತ್ಯ ಕುಂಬಳ ಬೆಳೆಯುವ ಅಮೆರಿಕ, ಕೆನಡಾ, ಯುರೋಪಿನವರಿಗೆ ಇದು ತೀರಾ ಪರಿಚಿತ. ಅವರದು ನಮ್ಮ ಚೀನಿಕಾಯಿಯ ಜಾತಿಯಲ್ಲ, ಹತ್ತಿರದ ಸಂಬಂಧಿ. ಕೆನಡಾದ ಹೋವರ್ಡ್ ಡಿಲ್ ಬೆಳೆಸಿದ ಅಟ್ಲಾಂಟಿಕ್ ಜಯಂಟ್ ತಳಿಯದು. 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೂಗಿದ ಒಂದು ಕಾಯಿ 1,246 ಕಿಲೋ ದಾಟಿತ್ತು. ಅಷ್ಟು ಭಾರದ ಕಾಯಿಗೆ ನೀರು, ಆಹಾರ ಒಯ್ಯಬೇಕಾದ ಮುಖ್ಯ ಬಳ್ಳಿ ಚಪ್ಪಟೆಯಾದರೆ ಅವರಿಗೆ ಚಿಂತೆ ಸಹಜ. ಚಪ್ಪಟೆ ಬಳ್ಳಿಯಲ್ಲಿ ಎರಡು ಹೆಣ್ಣುಹೂವು ಕೂಡಿಕೊಂಡು ಜೋಡಿಕಾಯಿ ಆಗುವುದುಂಟು. ಬಳ್ಳಿ ಹೀಗಾದಾಗ ತುದಿ ಚಿವುಟಿ, ಪಕ್ಕದ ಆರೋಗ್ಯವಂತ ಕವಲನ್ನೇ ಮುಖ್ಯ ಬಳ್ಳಿಯಾಗಿ ಬಿಡುವುದು ಒಂದು ದಾರಿ. ಕಾಯುವುದೂ ದಾರಿಯೇ, ಸ್ವಲ್ಪ ದೂರ ಹೋಗಿ ಬಳ್ಳಿ ತಾನೇ ದುಂಡಗಾಗುವುದೂ ಇದೆ.

ನಮ್ಮ ಗದ್ದೆಯಲ್ಲಿ ಅಷ್ಟೂ ಬೇಕಿಲ್ಲ. ಒಂದನ್ನು ಮಾತ್ರ ಬೇರ್ಪಡಿಸಿ ನೋಡಿ: ಎಲೆಯಲ್ಲಿ ಹಳದಿ-ಹಸಿರು ತೇಪೆ, ಮುದುಡುವಿಕೆ, ಕುಬ್ಜ ಕುಡಿ ಕಂಡರೆ ಅದು ಗಿಡಹೇನು ಅಥವಾ ಬಿಳಿನೊಣ ಹರಡುವ ವೈರಸ್ ಆಗಿರಬಹುದು. ಅಂಥ ಗಿಡವನ್ನು ಕೀಳಲೇಬೇಕು. ಎಲೆ ಹಸಿರಾಗಿದ್ದು ಕಾಂಡವಷ್ಟೇ ಅಗಲವಾಗಿದ್ದರೆ ಬಿಡಿ. ಕಾಯಿ ತಿನ್ನಲು ಅಡ್ಡಿಯಿಲ್ಲ, ಸಾಮಾನ್ಯವಾಗಿ ಪಕ್ಕದ ಬಳ್ಳಿಗೆ ಅಂಟುವುದೂ ಇಲ್ಲ. ಬ್ಯಾಕ್ಟೀರಿಯದ ಸಾಧ್ಯತೆ ಇರುವುದರಿಂದ ಆ ಬಳ್ಳಿ ಕತ್ತರಿಸಿದ ಚೂರಿಯನ್ನು ತೊಳೆದೇ ಬೇರೆ ಬಳ್ಳಿಗೆ ಬಳಸಿ, ಬೀಜವನ್ನು ಮಾತ್ರ ಬೇರೆ ಬಳ್ಳಿಯ ಕಾಯಿಯಿಂದ ಎತ್ತಿಡಿ.